ಆಟದ ಪೀರಿಯಡ್: ಕೊನೆಯ ಸಾಲಿನ ಮಗುವಿಗೂ ಚೆಂಡು

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆಯ ಆಟದ ಪೀರಿಯಡ್ ಬಗ್ಗೆಯೇ ಇವೆ. ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು. ನಾನು ಮಂಡ್ಯ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ದೈಹಿಕ ಶಿಕ್ಷಕಿಯಾಗಿದ್ದವಳು. ಮಕ್ಕಳ ಬಾಯಲ್ಲಿ ‘ಪಿ.ಟಿ. ಮಿಸ್ಸು’. ನಿವೃತ್ತಿಯಾದ ಮೇಲೂ ಸಂಜೆ ಹೊತ್ತು ಮನೆ ಪಕ್ಕದ ಖಾಲಿ ಸೈಟಿನಲ್ಲಿ ನಮ್ಮ ಬೀದಿಯ ಮಕ್ಕಳನ್ನು ಆಡಿಸುತ್ತೇನೆ. ಮಾಡಿ ನೋಡಿದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಇಲ್ಲ. ನಾಲ್ಕು, ಐದನೇ ತರಗತಿಯ 48 ಮಕ್ಕಳನ್ನು ನಾನೇ ಒಟ್ಟಿಗೆ ಆಡಿಸಬೇಕು. ಇರುವುದು ಎರಡೇ ಚೆಂಡು. ಎರಡು ಸಾಲು ನಿಲ್ಲಿಸಿ, ಒಬ್ಬೊಬ್ಬರನ್ನೇ ಕರೆದು ಎಸೆಯುವುದು, ಹಿಡಿಯುವುದು ಹೇಳಿಕೊಡುತ್ತೇನೆ. ಹತ್ತು ನಿಮಿಷಕ್ಕೆ ತಳ್ಳಾಟ, ಗಲಾಟೆ ಶುರುವಾಗುತ್ತದೆ. ಏನು ಮಾಡಲಿ?
ಒಬ್ಬ ಶಿಕ್ಷಕಿ, ಪಾಂಡವಪುರ ತಾಲ್ಲೂಕು

ಉತ್ತರ: ಮೇಡಂ, ಮೊದಲು ಆ ಎರಡು ಸಾಲನ್ನು ಬಿಡಿ. ಸಾಲಿನಲ್ಲಿ ನಿಂತ ಮಗುವಿಗೆ ಮಾಡಲು ಏನೂ ಇಲ್ಲ. ಸುಮ್ನೆ ನಿಂತ ಕೈ ಮುಂದಿನವರ ಜಡೆಯನ್ನೋ ಕಾಲರನ್ನೋ ಎಳೆಯದೆ ಇರುತ್ತದಾ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಸಾಲು ನಿಲ್ಲಿಸುತ್ತಿದ್ದೆ. ಐದನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಯಾವಾಗಲೂ ಸಾಲಿನ ಕೊನೆಯಲ್ಲೇ. ಅವಳ ಸರದಿ ಹತ್ತಿರ ಬಂದಾಗ ಮೆಲ್ಲಗೆ ಹಿಂದೆ ಜಾರಿ, ಹಿಂದಿನವಳನ್ನು ಮುಂದೆ ಬಿಡುತ್ತಿದ್ದಳು. ಒಂದು ದಿನ ಮನೆಯಿಂದ ಒಂದು ಹಿಡಿ ಹುಣಸೆ ಬೀಜ ತಂದೆ. ಬಲ ಮುಷ್ಟಿಯಲ್ಲಿ ಬೀಜ ಹಿಡಿದುಕೊಂಡು, ಆ ಹುಡುಗಿಯ ಕೈಗೆ ಚೆಂಡು ಬಂದಾಗಲೆಲ್ಲ ಒಂದು ಬೀಜವನ್ನು ಎಡಗೈಗೆ ದಾಟಿಸುತ್ತಾ ಹೋದೆ. ಗಂಟೆ ಹೊಡೆಯಿತು. ಎಡಗೈ ಬಿಚ್ಚಿ ನೋಡಿದರೆ ಮೂರು ಬೀಜ. ಇಡೀ ಪೀರಿಯಡ್‌ನಲ್ಲಿ ಮೂರು ಸಲ ಮುಟ್ಟಿ ಯಾವ ಮಗು ಚೆಂಡು ಹಿಡಿಯುವುದನ್ನು ಕಲಿಯುತ್ತದೆ? ಬಲಗೈಯಲ್ಲಿ ಉಳಿದ ಬೀಜಗಳನ್ನು ನೋಡಿ ನನಗೆ ಅಳುವೇ ಬಂತು.

ನಿಮ್ಮ ಲೆಕ್ಕವನ್ನೇ ನೋಡಿ. 40 ನಿಮಿಷದ ಪೀರಿಯಡ್‌ನಲ್ಲಿ ಹಾಜರಿ, ಸಾಲು, ಸಾವಧಾನ್, ವಿಶ್ರಾಮ್ ಅಂತ ಹತ್ತು ನಿಮಿಷ ಹೋಯಿತು. ಸಾಲಿಗೆ 24 ಮಕ್ಕಳು. ಒಬ್ಬರಿಗೆ 15 ಸೆಕೆಂಡ್ ಅಂದರೂ ಒಂದು ಸುತ್ತು ಮುಗಿಯಲು ಆರು ನಿಮಿಷ ಬೇಕು. ಅರ್ಧ ಗಂಟೆಗೆ ಐದು ಸುತ್ತು, ಅಂದರೆ ಒಂದು ಮಗುವಿಗೆ ಐದೇ ಐದು ಎಸೆತ. ಇಬ್ಬಿಬ್ಬರನ್ನು ಜೋಡಿ ಮಾಡಿ ಜೋಡಿಗೊಂದು ಚೆಂಡು ಕೊಟ್ಟರೆ ಹತ್ತು ಸೆಕೆಂಡಿಗೊಮ್ಮೆ ಪ್ರತಿ ಮಗುವೂ ಎಸೆಯುತ್ತದೆ. ಹತ್ತೇ ನಿಮಿಷಕ್ಕೆ 60 ಎಸೆತ, 60 ಹಿಡಿತ.

‘24 ಚೆಂಡು ಎಲ್ಲಿಂದ ತರಲಿ’ ಅನ್ನುತ್ತೀರಿ. ಮಕ್ಕಳ ಮನೆಯಿಂದ. ಹರಿದ ಕಾಲುಚೀಲ ಒಂದು, ಹಳೆ ಹತ್ತಿ ಬಟ್ಟೆ ಒಂದಿಷ್ಟು ತರಲು ಹೇಳಿ. ಬಟ್ಟೆಯನ್ನು ಬಿಗಿಯಾಗಿ ಉಂಡೆ ಮಾಡಿ ಚೀಲದ ಬೆರಳಿನ ಕಡೆಗೆ ತುರುಕಿ. ಅಲ್ಲಿ ಒಂದು ತಿರುಚು ಹಾಕಿ, ಉಳಿದ ಚೀಲವನ್ನು ಅದರ ಮೇಲೇ ಮಗುಚಿ. ಮತ್ತೆ ತಿರುಚು, ಮತ್ತೆ ಮಗುಚು. ಕೊನೆಗೆ ಎರಡು ಹೊಲಿಗೆ. ಸೈಕಲ್ ಅಂಗಡಿಯಲ್ಲಿ ಕೇಳಿದರೆ ಹಳೆ ಟ್ಯೂಬ್ ಸುಮ್ನೆ ಕೊಡುತ್ತಾರೆ. ಅದನ್ನು ಬಳೆ ಬಳೆಯಾಗಿ ಕತ್ತರಿಸಿ ಏಳೆಂಟು ಬಳೆಗಳನ್ನು ಅಡ್ಡಡ್ಡ ಹಾಕಿದರೆ ಚೆಂಡು ವರ್ಷವಿಡೀ ಬಾಳುತ್ತದೆ. ಮಗುವಿನ ಬೆರಳು ಸುತ್ತ ಹಿಡಿಯುವಷ್ಟು ದಪ್ಪ ಇದ್ದರೆ ಸಾಕು. ಮುಖಕ್ಕೆ ಬಡಿದರೂ ನೋವಾಗಲ್ಲ, ಉರುಳಿ ಚರಂಡಿಗೂ ಹೋಗಲ್ಲ.

ಮೈದಾನದಲ್ಲಿ ಎದುರುಬದುರು ನಿಲ್ಲಿಸಿ, ನಡುವೆ ಮೂರು ಹೆಜ್ಜೆ ಅಂತರ. ಎಲ್ಲರೂ ಅಡ್ಡಕ್ಕೇ ಎಸೆಯುವುದರಿಂದ ಯಾರ ಚೆಂಡೂ ಇನ್ನೊಬ್ಬರಿಗೆ ತಾಗುವುದಿಲ್ಲ. ಬೀಳಿಸದೆ ಐದು ಹಿಡಿದ ಜೋಡಿ ಒಂದೊಂದು ಹೆಜ್ಜೆ ಹಿಂದಕ್ಕೆ. ಬೇಗ ಕಲಿಯುವವರು ತಾವಾಗಿಯೇ ದೂರ ಹೋಗುತ್ತಾರೆ, ನಿಧಾನದವರು ಹತ್ತಿರದಲ್ಲೇ ಆಡುತ್ತಾರೆ. ಯಾರಿಗೂ ಕಾಯುವ ಕೆಲಸವಿಲ್ಲ. ಒಂದು ವಿಷಲ್ ಊದಿದರೆ ಚೆಂಡು ನೆಲಕ್ಕೆ, ಕೈ ಸೊಂಟಕ್ಕೆ. ಈ ಒಂದು ಅಭ್ಯಾಸವನ್ನು ಮೊದಲ ದಿನವೇ ನಾಲ್ಕೈದು ಸಲ ಮಾಡಿಸಿಬಿಡಿ. ಆಮೇಲೆ ನಿಮ್ಮ ಗಂಟಲು ಉಳಿಯುತ್ತದೆ.

ಇನ್ನು ಎಸೆತ. ದಿನಕ್ಕೆ ಒಂದೇ ಮಾತು ಹೇಳಿ. ಮೊಣಕೈ ಎತ್ತು, ಭುಜ ತಿರುಗಿಸು, ಕಣ್ಣು ನೇರ ಇಡು ಅಂತ ಒಟ್ಟಿಗೆ ಹೇಳಿದರೆ ಮಗು ಕಲ್ಲಾಗಿ ನಿಲ್ಲುತ್ತದೆ. ಮೊದಲನೇ ವಾರ ಕಾಲಿನ ಮಾತು ಮಾತ್ರ: ಬಲಗೈಯಲ್ಲಿ ಎಸೆದರೆ ಎಡಗಾಲು ಮುಂದೆ. ಬಹಳ ಮಕ್ಕಳು ಎಸೆಯುವ ಕೈಯ ಕಡೆಯ ಕಾಲನ್ನೇ ಮುಂದಿಡುತ್ತಾರೆ, ಇಲ್ಲವೇ ಎರಡೂ ಪಾದ ಜೋಡಿಸಿ ನಿಲ್ಲುತ್ತಾರೆ. ಆಗ ಸೊಂಟ ತಿರುಗುವುದಿಲ್ಲ, ಚೆಂಡು ಪಾದದ ಹತ್ತಿರವೇ ಬೀಳುತ್ತದೆ. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಪಾದ ಬರೆಯುತ್ತಿದ್ದೆ. ಒಂದು ಅಡ್ಡಕ್ಕೆ, ಇನ್ನೊಂದು ಗೋಡೆಯ ಕಡೆಗೆ. ಬಲಗೈಯವರು ಬಲಪಾದವನ್ನು ಅಡ್ಡ ಪಾದದ ಮೇಲಿಟ್ಟು ಪಕ್ಕಕ್ಕೆ ತಿರುಗಿ ನಿಲ್ಲಬೇಕು, ಎಡಗಾಲನ್ನು ಮುಂದಿನ ಪಾದದ ಮೇಲೆ ಇಡುತ್ತಾ ಎಸೆಯಬೇಕು. ಎಡಗೈ ಮಕ್ಕಳಿಗೆ ಉಲ್ಟಾ ಬರೆದುಕೊಡಿ, ಕೈ ಬದಲಿಸಲು ಮಾತ್ರ ಹೇಳಬೇಡಿ.

ಗುರಿ ಆಮೇಲೆ. ಮೊದಲು ಜೋರಾಗಿ ಎಸೆಯಲಿ. ಶಾಲೆಯ ಕಿಟಕಿ ಇಲ್ಲದ ಗೋಡೆ ಹುಡುಕಿ, ‘ಗೋಡೆ ಧಡ್ ಅನ್ನಬೇಕು’ ಎನ್ನಿ. ಸಣ್ಣ ಗುರಿ ಕೊಟ್ಟರೆ ಮಗು ಹೆದರಿ ಬರೀ ಮಣಿಕಟ್ಟಿನಲ್ಲಿ ಎಸೆಯುತ್ತದೆ. ಜೋರಾಗಿ ಎಸೆಯುವಾಗ ಮಾತ್ರ ಕಾಲು, ಸೊಂಟ, ಭುಜ ಎಲ್ಲ ಒಂದರ ಹಿಂದೊಂದು ಬರುತ್ತವೆ. ಹುಡುಗಿಯರಿಗೆ ಎಸೆಯಲು ಬರಲ್ಲ ಅನ್ನುವವರನ್ನು ಆ ಗೋಡೆಯ ಹತ್ತಿರ ಕರೆದುಕೊಂಡು ಬನ್ನಿ. ಗದ್ದೆಯಲ್ಲಿ ಕಲ್ಲೆಸೆದು ಮಾವಿನಕಾಯಿ ಉದುರಿಸಲು ಹುಡುಗರನ್ನು ಬಿಟ್ಟಷ್ಟು ಹುಡುಗಿಯರನ್ನು ಬಿಟ್ಟಿಲ್ಲ, ವ್ಯತ್ಯಾಸ ಅಷ್ಟೇ. ಮೂರು ವಾರ ಗೋಡೆಗೆ ಎಸೆದ ಮೇಲೆ ಸದ್ದು ಕೇಳಿ ಯಾರ ಎಸೆತ ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ಪ್ರಶ್ನೆ: ನನ್ನ ಮಗಳು ಮೂರನೇ ತರಗತಿ. ಚೆಂಡು ಕಂಡರೆ ಭಯ. ಬುಧವಾರ ಆಟದ ಪೀರಿಯಡ್ ಇದೆ, ಆ ದಿನ ಬೆಳಗ್ಗೆ ತಪ್ಪದೆ ಹೊಟ್ಟೆನೋವು ಅನ್ನುತ್ತಾಳೆ. ಟೀಚರ್ ‘ಅವಳಿಗೆ ಆಟದಲ್ಲಿ ಆಸಕ್ತಿ ಇಲ್ಲ ಬಿಡಿ’ ಅಂದರು. ಬಿಟ್ಟುಬಿಡಲಾ?
ಒಬ್ಬ ತಾಯಿ, ಸರಸ್ವತಿಪುರಂ, ಮೈಸೂರು

ಉತ್ತರ: ಬಿಡಬೇಡಿ ಅಮ್ಮ. ಎಂಟು ವರ್ಷದ ಮಗುವಿಗೆ ಆಸಕ್ತಿ ಇಲ್ಲ ಅಂತ ಯಾರೂ ತೀರ್ಪು ಕೊಡಬಾರದು.

ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ತೋರಿಸಿ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನನ್ನ ಶಾಲೆಯಲ್ಲಿ ಒಬ್ಬ ಹುಡುಗನನ್ನು ನಾವೆಲ್ಲ ಎರಡು ವರ್ಷ ಪುಕ್ಕಲ ಅಂದುಕೊಂಡಿದ್ದೆವು. ಚೆಂಡು ಮೂಗಿನ ಹತ್ತಿರ ಬರುವವರೆಗೂ ಅವನಿಗೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಕನ್ನಡಕ ಬಂದ ಮೇಲೆ ಆಟ ಬಂತು. ಆ ಎರಡು ವರ್ಷದ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ.

ಕಣ್ಣು ಸರಿ ಇದ್ದರೆ ಮನೆಯಲ್ಲೇ ಶುರು ಮಾಡಿ. ಅವಳು ಹಿಡಿಯುವುದನ್ನು ಒಮ್ಮೆ ಗಮನಿಸಿ. ಎರಡೂ ಕೈ ಹಲಗೆಯ ಹಾಗೆ ಮುಂದೆ ಚಾಚಿ, ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚುತ್ತಾಳೆ, ಅಲ್ವಾ? ಚೆಂಡು ಎದೆಗೆ ಬಡಿದ ಮೇಲೆ ತಬ್ಬಿಕೊಳ್ಳಲು ನೋಡುತ್ತಾಳೆ. ಗಟ್ಟಿ ಚೆಂಡು ವೇಗವಾಗಿ ಬಂದರೆ ಮುಖ ತಿರುಗುವುದು ಸಹಜ. ಅದಕ್ಕೆ ನಿಧಾನವಾಗಿ ಬರುವ, ಮೆತ್ತಗಿನ ವಸ್ತು ಬೇಕು. ಹಳೆ ದುಪಟ್ಟಾದಿಂದ ಕರವಸ್ತ್ರದಷ್ಟು ತುಂಡು ಕತ್ತರಿಸಿ ಮೇಲಕ್ಕೆ ಎಸೆಯಿರಿ. ತೇಲಿ ತೇಲಿ ಇಳಿಯುತ್ತದೆ, ನೋಡಲು ಸಮಯ ಸಿಗುತ್ತದೆ. ನೆಲ ಮುಟ್ಟುವ ಮೊದಲು ಹಿಡಿಯಲಿ. ನಾಲ್ಕು ದಿನ ಆದ ಮೇಲೆ ಬಲೂನು. ಆಮೇಲೆ ಮೇಲೆ ಹೇಳಿದ ಬಟ್ಟೆ ಚೆಂಡು, ಎರಡೇ ಹೆಜ್ಜೆ ದೂರದಿಂದ, ಕೆಳಗೈಯಿಂದ. ಕೊನೆಗೆ ಟೆನ್ನಿಸ್ ಚೆಂಡನ್ನು ಒಮ್ಮೆ ನೆಲಕ್ಕೆ ಪುಟಿಸಿ ಕೊಡಿ.

ಬೆರಳಿನ ಗುಟ್ಟು ಒಂದಿದೆ. ಚೆಂಡು ಸೊಂಟಕ್ಕಿಂತ ಕೆಳಗೆ ಬಂದರೆ ಎರಡು ಕಿರುಬೆರಳು ಹತ್ತಿರ, ಎದೆಗಿಂತ ಮೇಲೆ ಬಂದರೆ ಎರಡು ಹೆಬ್ಬೆರಳು ಹತ್ತಿರ. ಮುಟ್ಟಿದ ಕೂಡಲೇ ಮೊಣಕೈ ಮಡಚಿ ಹೊಟ್ಟೆಯ ಕಡೆ ತಂದುಕೊಳ್ಳಬೇಕು, ಮೊಟ್ಟೆ ಹಿಡಿದ ಹಾಗೆ. ‘ಚೆಂಡು ನೋಡು’ ಎನ್ನುವ ಬದಲು ಚೆಂಡಿನ ಮೇಲೆ ಪೆನ್ನಿನಲ್ಲಿ ಒಂದು ಅಕ್ಷರ ಬರೆದು, ಯಾವ ಅಕ್ಷರ ಅಂತ ಕೇಳಿ. ಓದಬೇಕು ಅಂದರೆ ಕಣ್ಣು ತೆರೆಯಲೇಬೇಕು. ಅವಳು ಬೀಳಿಸಿದಾಗ ಮನೆಯವರು ಯಾರೂ ನಗಬಾರದು.

ಟೀಚರ್ ಹತ್ತಿರವೂ ಒಂದು ಮಾತು ವಿನಯವಾಗಿ ಕೇಳಿ. ಚೆಂಡು ತಾಗಿದವರು ಔಟ್, ಪಕ್ಕಕ್ಕೆ ಹೋಗಿ ಕೂರಬೇಕು ಅನ್ನುವ ಆಟ ಜಾಸ್ತಿ ಆಡಿಸುತ್ತಾರಾ? ಆ ಆಟದಲ್ಲಿ ಮೊದಲು ಔಟಾಗುವುದು ಆಡಲು ಬಾರದ ಮಗು. ಯಾರಿಗೆ ಹೆಚ್ಚು ಅಭ್ಯಾಸ ಬೇಕೋ ಅವರೇ ಬೇವಿನ ಮರದ ಕೆಳಗೆ ಕೂತಿರುತ್ತಾರೆ. ಔಟಾದವರು ಹತ್ತು ಸಲ ಕುಂಟಿ ಮತ್ತೆ ಒಳಗೆ ಬರಲಿ, ಆಟ ಕೆಡುವುದಿಲ್ಲ. ಹಾಗೆಯೇ ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಕರೆದು ತಂಡ ಕಟ್ಟುವ ಪದ್ಧತಿ. ಕೊನೆಗೆ ಉಳಿದ ಮಗು ತನ್ನ ಪಾದವನ್ನೇ ನೋಡುತ್ತಾ ನಿಂತಿರುತ್ತದೆ. ಬೇವು, ಬೆಲ್ಲ, ಬೇವು, ಬೆಲ್ಲ ಅಂತ ಎಣಿಸಿ ತಂಡ ಮಾಡಿದರೆ ಅರ್ಧ ನಿಮಿಷದ ಕೆಲಸ.

ಪ್ರಶ್ನೆ: ಮಿಸ್, ನಾನು ಏಳನೇ ಕ್ಲಾಸ್. ಖೋ ಖೋ ತಂಡದಲ್ಲಿದ್ದೇನೆ. ನಾನು ಜೋರಾಗಿ ಓಡುತ್ತೇನೆ, ಆದರೆ ಖೋ ಕೊಡುವಾಗ ಯಾವಾಗಲೂ ಫೌಲ್ ಆಗುತ್ತದೆ. ಚೈತ್ರಾ ಅಕ್ಕನ ಹಾಗೆ ಆಡಬೇಕು ಅಂತ ಆಸೆ.
ವಿದ್ಯಾರ್ಥಿನಿ, ಟಿ. ನರಸೀಪುರ ತಾಲ್ಲೂಕು

ಉತ್ತರ: ಪುಟ್ಟಿ, ನಿನ್ನ ಪತ್ರ ಓದಿ ಎಷ್ಟು ಖುಷಿಯಾಯಿತು ಗೊತ್ತಾ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ನಮ್ಮ ಹೆಣ್ಣುಮಕ್ಕಳು ಗೆದ್ದಾಗ, ಆ ತಂಡದಲ್ಲಿ ನಿಮ್ಮ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಟಿ.ವಿ. ಮುಂದೆ ಕೂತಿದ್ದ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ.

ಈಗ ನಿನ್ನ ಫೌಲ್ ವಿಷಯ. ನೀನು ಜೋರಾಗಿ ಓಡುವವಳು ಅಂದೆಯಲ್ಲ, ತೊಂದರೆ ಅಲ್ಲೇ ಇದೆ. ಕೂತವಳ ಹಿಂದೆ ಬರುವಾಗಲೂ ಅದೇ ವೇಗದಲ್ಲಿ ಇರುತ್ತೀಯ. ಕೈ ತಾಗುವ ಮೊದಲೇ ಬಾಯಿ ‘ಖೋ’ ಅಂದುಬಿಡುತ್ತದೆ, ಇಲ್ಲವೇ ನಿನ್ನ ಕಾಲು ನಡುವಿನ ಪಟ್ಟಿಯನ್ನು ದಾಟಿಬಿಡುತ್ತದೆ. ಖೋ ಹಿಂದಿನಿಂದಲೇ ಕೊಡಬೇಕು. ಕೈ ಬೆನ್ನು ಮುಟ್ಟಬೇಕು, ಮಾತು ಕೇಳಿಸಬೇಕು, ಎರಡೂ ಆದ ಮೇಲೆಯೇ ಕೂತವಳು ಏಳಬೇಕು. ಅವಳ ಜಾಗದಲ್ಲಿ ನೀನು ತಕ್ಷಣ ಕೂರಬೇಕು.

ಹಾಗಾಗಿ ಒಂದು ವಾರ ಓಡಬೇಡ, ನಡೆ. ಎಂಟು ಜನ ಕೂತಿರಲಿ, ಒಬ್ಬರ ಮುಖ ಆಚೆ, ಪಕ್ಕದವರ ಮುಖ ಈಚೆ. ನಡೆದು ಬಂದು, ಅಂಗೈಯನ್ನು ಬೆನ್ನಿನ ಮೇಲೆ ಚಪ್ಪಟೆಯಾಗಿ ಇಟ್ಟು, ‘ಖೋ’ ಅನ್ನು. ತಳ್ಳಬೇಡ. ಕೊನೆಯ ಎರಡು ಹೆಜ್ಜೆ ಚಿಕ್ಕದಾಗಿರಲಿ, ಮೊಣಕಾಲು ಬಾಗಿರಲಿ. ನಡೆದು ಒಂದೂ ತಪ್ಪಿಲ್ಲದೆ ಮೂರು ಸುತ್ತು ಬಂದರೆ ಜಾಗಿಂಗ್, ಅದೂ ಸರಿ ಹೋದರೆ ಓಟ.

ಕೂರುವುದೂ ಒಂದು ವಿದ್ಯೆ. ನಮ್ಮ ಹಳ್ಳಿ ಶಾಲೆಗಳಲ್ಲಿ ಓಡುವುದನ್ನು ಕಲಿಸುತ್ತಾರೆ, ಕೂರುವುದನ್ನು ಕಲಿಸುವುದು ಕಡಿಮೆ. ಕುಕ್ಕುರುಗಾಲಲ್ಲಿ ಕೂತು ಒಂದು ಪಾದ ಇನ್ನೊಂದಕ್ಕಿಂತ ಸ್ವಲ್ಪ ಹಿಂದಿರಲಿ. ಹಿಮ್ಮಡಿ ಎತ್ತಿ, ಭಾರವೆಲ್ಲ ಕಾಲ್ಬೆರಳ ಮೇಲೆ ಹಾಕು. ಬೆರಳ ತುದಿಗಳು ನೆಲಕ್ಕೆ ತಾಗಿರಲಿ, ತಲೆ ಎತ್ತಿರಲಿ. ಹಿಮ್ಮಡಿ ಊರಿ ಆರಾಮಾಗಿ ಕೂತರೆ ಏಳಲು ಒಂದು ಕ್ಷಣ ಜಾಸ್ತಿ ಬೇಕು, ಅಷ್ಟರಲ್ಲಿ ಓಟಗಾರ್ತಿ ಕಂಬ ಸುತ್ತಿ ಆಚೆ ಹೋಗಿರುತ್ತಾಳೆ. ಮನೆಯ ಜಗಲಿಯಲ್ಲೇ ದಿನಾ ಹತ್ತು ಸಲ ಹೀಗೆ ಕೂತು, ಅಮ್ಮನಿಗೆ ಬೆನ್ನು ತಟ್ಟಲು ಹೇಳಿ, ತಟ್ಟಿದ ಕೂಡಲೇ ಮೂರು ಹೆಜ್ಜೆ ಓಡು. ಜಿಲ್ಲಾ ಮಟ್ಟಕ್ಕೆ ಹೋದರೆ ನನಗೆ ಮತ್ತೆ ಪತ್ರ ಬರಿ.

ಪ್ರಶ್ನೆ: ಗಣಿತ ಪಾಠ ಮುಗಿದಿಲ್ಲ ಅಂತ ಆಟದ ಪೀರಿಯಡ್ ಕೇಳುತ್ತಾರೆ. ಹೋಂವರ್ಕ್ ಮಾಡದವರಿಗೆ ಮೈದಾನ ಐದು ರೌಂಡ್ ಓಡಿಸಿ ಅಂತ ನನಗೇ ಕಳಿಸುತ್ತಾರೆ. ಹೇಗೆ ಇಲ್ಲ ಅನ್ನಲಿ?
ದೈಹಿಕ ಶಿಕ್ಷಕರು, ಮದ್ದೂರು

ಉತ್ತರ: ಸರ್, ಗಟ್ಟಿಯಾಗಿಯೇ ಇಲ್ಲ ಅನ್ನಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಆಟದ ಸಾಮಾನು ಕೊಡಬೇಕು ಅಂತ ಬರೆದಿದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಹಾಗೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವೆರಡನ್ನೂ ಸ್ಟಾಫ್ ಮೀಟಿಂಗ್‌ನಲ್ಲಿ ಸಮಾಧಾನವಾಗಿ ಎದುರಿಗಿಡಿ. ಇನ್ನು ಶಿಕ್ಷೆಗೆ ಓಡಿಸುವುದಂತೂ ನನಗೆ ಸಿಟ್ಟು ತರಿಸುವ ವಿಷಯ. ಓಟ ಅಂದರೆ ಶಿಕ್ಷೆ ಅಂತ ಕಲಿತ ಮಗು ನಾಳೆ ನಿಮ್ಮ ಪೀರಿಯಡ್‌ನಲ್ಲಿ ಖುಷಿಯಿಂದ ಓಡುತ್ತದಾ? ಅಂಥ ಮಕ್ಕಳನ್ನು ಕಳಿಸಿದರೆ ಓಡಿಸಬೇಡಿ, ವಾಪಸ್ ಕಳಿಸಿ.

ಪ್ರಶ್ನೆ: ನಲಿಕಲಿ ಮಕ್ಕಳಿಗೆ ಕ್ರೀಡಾ ಕೌಶಲ ಅಂತ ಏನು ಕಲಿಸಬೇಕು? ಸಾಮಾನು ಏನೂ ಇಲ್ಲ.
ಶಿಕ್ಷಕಿ, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಒಂದರಿಂದ ಮೂರನೇ ತರಗತಿಯವರಿಗೆ ಕಬಡ್ಡಿಯೂ ಬೇಡ, ವಾಲಿಬಾಲೂ ಬೇಡ. ಓಡುವುದು, ನಿಲ್ಲುವುದು, ನೆಗೆಯುವುದು, ಕುಂಟುವುದು, ಎಸೆಯುವುದು, ಹಿಡಿಯುವುದು, ಒದೆಯುವುದು. ಇಷ್ಟು ಚೆನ್ನಾಗಿ ಬಂದರೆ ಮುಂದೆ ಯಾವ ಆಟವೂ ಬರುತ್ತದೆ. ಇವನ್ನೆಲ್ಲ ಕಲಿಸುವ ಆಟ ನಮ್ಮಲ್ಲೇ ಇವೆ. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನ ಸಮತೋಲನ, ಲಗೋರಿಯಲ್ಲಿ ಗುರಿ, ಟೋಪಿ ಆಟದಲ್ಲಿ ತಟ್ಟನೆ ಎದ್ದು ಓಡುವುದು.

ಕೆರೆ ದಡ ಆಟವನ್ನು ಸ್ವಲ್ಪ ಬದಲಿಸಿ ಆಡಿಸಿ. ‘ಕೆರೆ’ ಅಂದರೆ ಗೆರೆಯೊಳಗೆ, ‘ದಡ’ ಅಂದರೆ ಹೊರಗೆ ನೆಗೆಯಬೇಕು, ಅದು ಗೊತ್ತಿರುವುದೇ. ತಪ್ಪು ಮಾಡಿದವರನ್ನು ಹೊರಗೆ ಕೂರಿಸಬೇಡಿ. ಅದರ ಬದಲು ಇಳಿಯುವ ಸದ್ದು ಕೇಳಿ. ಹೆಚ್ಚಿನ ಮಕ್ಕಳು ಮೊಣಕಾಲು ನೆಟ್ಟಗೆ ಇಟ್ಟು ಧೊಪ್ಪನೆ ಬೀಳುತ್ತಾರೆ. ಬೆಕ್ಕು ಗೋಡೆಯಿಂದ ಇಳಿದ ಹಾಗೆ ಸದ್ದಿಲ್ಲದೆ ಇಳಿಯಿರಿ ಅನ್ನಿ. ಮೊಣಕಾಲು ಬಾಗುತ್ತದೆ, ಕೈ ತಾನಾಗಿ ಮುಂದೆ ಬರುತ್ತದೆ. ಉದ್ದಜಿಗಿತದ ಮೊದಲ ಪಾಠ ಅದೇ. ಬಿಸಿಯೂಟ ಆದ ತಕ್ಷಣ ಮಾತ್ರ ನೆಗೆಸಬೇಡಿ, ಸಾಧ್ಯವಾದರೆ ಬೆಳಗ್ಗೆಯೇ ಪೀರಿಯಡ್ ಹಾಕಿಸಿಕೊಳ್ಳಿ.

ಪ್ರಶ್ನೆ: ಹೋಬಳಿ ಕ್ರೀಡಾಕೂಟಕ್ಕೆ ಕಬಡ್ಡಿ ತಂಡ ತಯಾರು ಮಾಡಬೇಕು. 12 ಮಕ್ಕಳಿಗೆ ಅಭ್ಯಾಸ ಮಾಡಿಸುವಾಗ ಉಳಿದ 30 ಮಕ್ಕಳನ್ನು ಏನು ಮಾಡಲಿ? ಈಗ ಸುತ್ತ ಕೂರಿಸಿ ಚಪ್ಪಾಳೆ ಹೊಡೆಸುತ್ತಿದ್ದೇನೆ.
ದೈಹಿಕ ಶಿಕ್ಷಕರು, ಮಳವಳ್ಳಿ ತಾಲ್ಲೂಕು

ಉತ್ತರ: ಸರ್, ಕಪ್ ಬಂದರೆ ಹೆಡ್ ಮಾಸ್ಟರ್‌ಗೂ ಊರಿಗೂ ಸಂತೋಷ, ಒಪ್ಪುತ್ತೇನೆ. ನಾನೂ ಕಪ್ ತಂದಿದ್ದೇನೆ. ಆದರೆ ತಂಡದ ಅಭ್ಯಾಸವನ್ನು ಬೆಳಗ್ಗೆ ಪ್ರಾರ್ಥನೆಗೆ ಮುಂಚೆ, ಇಲ್ಲವೇ ಸಂಜೆ ಶಾಲೆ ಬಿಟ್ಟ ಮೇಲೆ ಇಟ್ಟುಕೊಳ್ಳಿ. ಟೈಂಟೇಬಲ್‌ನಲ್ಲಿರುವ 40 ನಿಮಿಷ ಆ 30 ಮಕ್ಕಳದ್ದೂ ಹೌದು. ಅವರ ಮನೆಯಲ್ಲಿ ಆಡಿಸುವವರು ಯಾರೂ ಇಲ್ಲದೇ ಇರಬಹುದು.

ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹತ್ತು ವರ್ಷದ ಮಗುವನ್ನು ಅಲ್ಲಿ ಏಳು ಜನರ ನಡುವೆ ನಿಲ್ಲಿಸಿದರೆ ಮೂಲೆಯಲ್ಲೇ ಉಳಿಯುತ್ತದೆ. ಮೂರು ಮೂರು ಜನರ ಆಟ ಆಡಿಸಿ. ಮೂವರೇ ಇದ್ದಾಗ ಎಲ್ಲರೂ ರೈಡ್ ಹೋಗಲೇಬೇಕು, ಎಲ್ಲರೂ ಹಿಡಿಯಲೇಬೇಕು. ಮೊದಲು ಹಿಡಿತವಿಲ್ಲದೆ, ಬರೀ ಮುಟ್ಟಿ ಬರುವ ಆಟ. ಬೆನ್ನಿಗೆ ಸಿಕ್ಕಿಸಿದ ಕರವಸ್ತ್ರ ಕಿತ್ತುಕೊಂಡರೆ ಔಟ್ ಅಂತ ಮಾಡಿದರೆ ಬಿದ್ದು ಮೊಣಕಾಲು ತರಚುವುದೂ ತಪ್ಪುತ್ತದೆ. ಔಟಾದವರು ಗೆರೆ ಮುಟ್ಟಿ ವಾಪಸ್ ಬರಲಿ. ಕಾಲು ಮುಂದಿಟ್ಟು ಹಿಂದೆ ಎಳೆದುಕೊಳ್ಳುವುದು, ಕಣ್ಣನ್ನು ಎದುರಾಳಿಯ ಸೊಂಟದ ಮೇಲಿಡುವುದು, ಈ ಎರಡನ್ನೇ ಆ ತಿಂಗಳು ನೋಡಿ. ಹಿಡಿತ ಕಲಿಸುವ ದಿನ ಮರಳು ಹಾಸಿ.

ತಂಡಕ್ಕೆ ಅಂಕಣ ಹಾಕಿದ ಸುಣ್ಣದ ಪುಡಿಯಲ್ಲಿ ಒಂದು ಡಬ್ಬಿ ಉಳಿಸಿಕೊಳ್ಳಿ. ಮೈದಾನದ ಇನ್ನೊಂದು ತುದಿಯಲ್ಲಿ ಎಂಟು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲದ ಪುಟ್ಟ ಅಂಕಣಗಳನ್ನು ಸಾಲಾಗಿ ಐದು ಹಾಕಿ, ನಡುವೆ ಒಂದೊಂದು ಗೆರೆ ಎಳೆಯಿರಿ. ಒಂದೊಂದರಲ್ಲಿ ಆರು ಮಕ್ಕಳು, 30 ಮಕ್ಕಳೂ ಹಿಡಿಸುತ್ತಾರೆ.